ನಾಟಿ, ಬಿವಿ 380, ಬಾಯ್ಲರ್ ಮೂರೂ ಒಂದೇ ಶೆಡ್ಡಲ್ಲಿ ಬಿಟ್ಟಿದೀನಿ, ಮೊಟ್ಟೆ ಸಿಪ್ಪೆ ಮೆತ್ತಗೆ ಬರ್ತಿದೆ, ಏನ್ ತಪ್ಪಾಗಿದೆ?

ಹಿತ್ಲುಮನೆ_ಕುಣಿಗಲ್:
ಎಲ್ರಿಗೂ ನಮಸ್ಕಾರ. ನಮ್ದು ಕುಣಿಗಲ್ ಹತ್ರ ಹಳ್ಳಿ, ಮನೆ ಹಿಂದೆ ಒಂದು ಹಳೇ ದನದ ಕೊಟ್ಟಿಗೆ ಖಾಲಿ ಬಿದ್ದಿತ್ತು, ಅದಕ್ಕೆ ಮೆಶ್ ಹೊಡೆದು ಕೋಳಿ ಶೆಡ್ ಮಾಡ್ಕೊಂಡಿದೀನಿ. ಮೊದ್ಲಿಂದ ಅಮ್ಮನ ಕಾಲದ ನಾಟಿ ಹ್ಯಾಟೆ ಆರು, ಒಂದು ಹುಂಜ ಇದ್ವು. ಹೋದ್ ವರ್ಷ ಮೊಟ್ಟೆಗೆ ಅಂತ ಬಿವಿ 380 ಹತ್ತು ತಂದೆ, ಈಗ ಅವಕ್ಕೆ ಏಳು ತಿಂಗ್ಳು, ದಿನಾ ಎಂಟು ಒಂಬತ್ತು ಮೊಟ್ಟೆ ಕೊಡ್ತಿದ್ವು, ಖುಷಿಯಾಗಿದ್ದೆ. ಯುಗಾದಿ ವರ್ಷತೊಡಕಿಗೆ ನೆಂಟ್ರೆಲ್ಲ ಬರ್ತಾರೆ, ಅಂಗಡೀಲಿ ಕ್ಯೂ ನಿಲ್ಲೋ ಬದ್ಲು ನಾವೇ ಸಾಕೋಣ ಅಂತ ಬಾಯ್ಲರ್ ಮರಿ 25 ತಂದು ಅದೇ ಶೆಡ್ಡಿಗೆ ಬಿಟ್ಟೆ. ಈಗ ಮರಿಗೆ 15 ದಿನ. ಫೀಡ್ ಎರಡೆರಡು ಥರ ಯಾಕೆ ಅಂತ ಬಾಯ್ಲರ್ ಸ್ಟಾರ್ಟರ್ (ಚಿಕ್ಕ ಮರಿಗೆ ಹಾಕೋ ಫೀಡ್) ಒಂದೇ ಮೂಟೆ ತಂದು ಎಲ್ಲಕ್ಕೂ ಹಾಕ್ತಿದೀನಿ.

ಈಗ ನೋಡಿದ್ರೆ ಬಿವಿ ಮೊಟ್ಟೆ ನಾಲ್ಕು ಐದಕ್ಕೆ ಇಳಿದಿದೆ, ಅದ್ರಲ್ಲೂ ಒಂದೆರಡು ಸಿಪ್ಪೇನೇ ಇಲ್ದಂಗೆ ಬಲೂನ್ ಥರ. ಎರಡು ಮರೀನ ದೊಡ್ಡವು ಕುಕ್ಕಿ ಕುಕ್ಕಿ ಸಾಯ್ಸಿದಾವೆ. ಮರಿಗೆ ಬೆಚ್ಚಗಿರ್ಲಿ ಅಂತ ರಾತ್ರಿಯೆಲ್ಲಾ 100 ವ್ಯಾಟ್ ಬಲ್ಬ್ ಹಾಕಿರ್ತೀನಿ. ವ್ಯಾಕ್ಸಿನ್ ಎಲ್ಲಾ ಆಗಿದೆ ಅಂದ್ರು ಮರಿ ಕೊಟ್ಟೋರು. ಮೊಟ್ಟೆಗೂ ಮಾಂಸಕ್ಕೂ ಒಟ್ಟಿಗೆ ಸಾಕೋದು ಆಗೋ ಮಾತಾ ಇಲ್ಲಾ ಎಲ್ಲಾ ಮಾರಿ ಕೈ ತೊಳ್ಕೊಳ್ಲಾ?

ಚನ್ನರಾಯಪಟ್ಣ_ತೋಟ:
ಗುರೂ ಮಾರ್ಬೇಡ, ಮೊದ್ಲು ಆ ಫೀಡ್ ನಿಲ್ಸು. ದಿನಾ ಒಂದು ಮೊಟ್ಟೆ ಇಡೋ ಕೋಳಿಗೆ ಸುಣ್ಣದ ಅಂಶ ಜಾಸ್ತಿ ಬೇಕು, ಲೇಯರ್ ಫೀಡಲ್ಲಿ ನೂರಕ್ಕೆ ಮೂರೂವರೆಯಿಂದ ನಾಲ್ಕು ಭಾಗ ಕ್ಯಾಲ್ಸಿಯಂ ಇರುತ್ತೆ, ಬಾಯ್ಲರ್ ಸ್ಟಾರ್ಟರಲ್ಲಿ ಒಂದರ ಆಸುಪಾಸು ಅಷ್ಟೆ. ಸಿಪ್ಪೆಗೆ ಸಾಮಾನು ಎಲ್ಲಿಂದ ತರುತ್ತೆ ಅದು, ತನ್ನ ಮೂಳೆ ಕರಗ್ಸಿ ಸ್ವಲ್ಪ ದಿನ ಕೊಡುತ್ತೆ, ಆಮೇಲೆ ಕಾಲು ಬಿದ್ದು ಕೂತ್ಬಿಡುತ್ತೆ. ಹಂಗಂತ ಉಲ್ಟಾ ಮಾಡಿ ಎಲ್ಲಕ್ಕೂ ಲೇಯರ್ ಫೀಡ್ ಹಾಕ್ಬಿಟ್ಟೀಯ ಮತ್ತೆ, ಅಷ್ಟು ಕ್ಯಾಲ್ಸಿಯಂ ಮರಿಗೆ ಹೋದ್ರೆ ಕಿಡ್ನಿ ಕೆಡುತ್ತೆ, ನಾನೇ ಒಂದ್ಸಲ ಹಂಗೆ ಮಾಡಿ ಹನ್ನೊಂದು ಮರಿ ಕಳ್ಕೊಂಡೆ, ಕೊಯ್ದು ನೋಡಿದ್ರೆ ಒಳಗೆಲ್ಲಾ ಸುಣ್ಣ ಬಳಿದಂಗೆ ಬಿಳೀ ಪದರ.

ಶೆಡ್ ಒಂದೇ ಇರ್ಲಿ, ಮಧ್ಯ ಮೂರಡಿ ತಗಡೋ ಬಿದಿರು ತಟ್ಟಿಯೋ ಕಟ್ಟಿ ಮೇಲೆ ಮೆಶ್ ಹಾಕು. ಬಾಯ್ಲರಿಗೆ ತಲೆಗೆ ಒಂದು ಚದರ ಅಡಿ ಸಾಕು ಅಂತಾರೆ ಫಾರಂನವ್ರು, ಮನೇಲಿ ಸಾಕೋರು ಒಂದೂವರೆ ಕೊಡಿ, ಭತ್ತದ ಹೊಟ್ಟು ಎರಡಿಂಚು ಹಾಕಿ ದಿನಾ ಕೆದಕ್ತಿರು. ಇವು ನೀರು ಕುಡಿಯೋದೂ ಜಾಸ್ತಿ ಹಿಕ್ಕೆ ಹಾಕೋದೂ ಜಾಸ್ತಿ, ಹೊಟ್ಟು ಒದ್ದೆ ಆಗಿ ಕಣ್ಣುರಿಯೋ ವಾಸ್ನೆ ಬಂತು ಅಂದ್ರೆ ತಡ ಮಾಡಿದೀಯ ಅಂತಾನೇ ಅರ್ಥ.

ಬಲ್ಬ್ ವಿಷ್ಯ ಯಾರೂ ಹೇಳಲ್ಲ ನೋಡು. ಮೊಟ್ಟೆ ಕೋಳಿಗೆ ಬಿಸ್ಲು ಬಲ್ಬು ಎರಡೂ ಸೇರಿ 16 ಗಂಟೆ ಬೆಳಕು ಸಾಕು, ರಾತ್ರಿಯೆಲ್ಲಾ ಬೆಳಕಿದ್ರೆ ಅವಕ್ಕೂ ನಿದ್ದೆ ಇಲ್ಲ, ರೇಗಿ ರೇಗಿ ಕುಕ್ಕೋದು ಶುರುವಾಗುತ್ತೆ. ನಿನ್ನ ಎರಡು ಮರಿ ಹೋಗಿದ್ದು ಅರ್ಧ ಅದ್ರಿಂದ್ಲೇ ಅನ್ಸುತ್ತೆ ನನ್ಗೆ. ಮೊದಲ್ನೇ ವಾರ 35 ಡಿಗ್ರಿ, ಆಮೇಲೆ ವಾರಕ್ಕೆ ಮೂರು ಡಿಗ್ರಿ ಇಳಿಸ್ತಾ ಬಂದ್ರೆ ಸಾಕು. ಥರ್ಮಾಮೀಟರ್ ಬೇಡ, ಮರಿ ನೋಡು, ಬಲ್ಬ್ ಕೆಳಗೆ ಗುಂಪು ಬಿದ್ರೆ ಚಳಿ, ಗೋಡೆಗೆ ಹೋಗಿ ಬಾಯಿ ಬಿಡ್ತಿದ್ರೆ ಸೆಕೆ.

ಪಶುವೈದ್ಯ_ಹಳ್ಳಿಕಡೆ:
ಮೇಲಿನವರು ಹೇಳಿದ್ದು ಸರಿ ಇದೆ, ನಾನು ಕಾಯಿಲೆ ಕಡೆ ಮಾತ್ರ ಹೇಳ್ತೀನಿ. ಹೊರಗಡೆಯಿಂದ ತಂದ ಮರೀನ ನೇರವಾಗಿ ಹಳೇ ಕೋಳಿ ಮಧ್ಯ ಬಿಡೋದು ತಪ್ಪು. ನಿಮ್ಮ ನಾಟಿ ಕೋಳಿ ನೋಡೋಕೆ ಗಟ್ಟಿಮುಟ್ಟಾಗಿರುತ್ತೆ, ಆದ್ರೆ ಅದರ ಹಿಕ್ಕೇಲಿ ಕಾಕ್ಸಿಡಿಯಾ ಅನ್ನೋ ಕರುಳಿನ ಪರಾವಲಂಬಿ ಜೀವಿ ಇರುತ್ತೆ, ಅದಕ್ಕೆ ಏನೂ ಆಗಲ್ಲ, ಮರಿಗೆ ಮೂರ್ನೇ ವಾರದ ಹೊತ್ತಿಗೆ ರಕ್ತ ಭೇದಿ. ನಿಮ್ಮ ಮರಿ ಈಗ ಸರಿಯಾಗಿ ಆ ವಯಸ್ಸಲ್ಲೇ ಇದಾವೆ, ಹಿಕ್ಕೆ ಕೆಂಪಾಗಿ ಕಂಡ್ರೆ ಅದೇ ದಿನ ಆಸ್ಪತ್ರೆಗೆ ಹೋಗಿ, ನೀರಲ್ಲಿ ಹಾಕೋಕೆ ಆಂಪ್ರೋಲಿಯಂ ಕೊಡ್ತಾರೆ. ಬೆಳಿಗ್ಗೆ ಕೆಲ್ಸ ಮಾಡೋವಾಗ ಮೊದ್ಲು ಮರಿ ಕಡೆ ಹೋಗಿ ಆಮೇಲೆ ದೊಡ್ಡವುಗಳ ಕಡೆ, ಚಪ್ಪಲಿ ಬೇರೆ ಬೇರೆ ಇಟ್ಕೊಳ್ಳಿ.

ಇನ್ನೊಂದು, ಬಾಯ್ಲರ್ ಫೀಡಲ್ಲಿ ಕಾಕ್ಸಿಡಿಯಾ ತಡೆಯೋ ಔಷಧಿ ಸೇರ್ಸಿರ್ತಾರೆ, ಮೊಟ್ಟೆ ಕೋಳಿ ಅದನ್ನ ತಿಂದ್ರೆ ಆ ಅಂಶ ಮೊಟ್ಟೆಗೂ ಬರುತ್ತೆ. ಮೂಟೆ ಮೇಲಿನ ಚೀಟಿ ಓದಿ, ಅಂಥದ್ದೇ ಆಗಿದ್ರೆ ಫೀಡ್ ಬದಲಾಯ್ಸಿದ್ಮೇಲೂ ಸ್ವಲ್ಪ ದಿನ ಮೊಟ್ಟೆ ತಿನ್ಬೇಡಿ, ಎಷ್ಟು ದಿನ ಅಂತ ಔಷಧಿ ಹೆಸರು ತೋರ್ಸಿ ಅಲ್ಲಿನ ಡಾಕ್ಟರನ್ನೇ ಕೇಳಿ.

‘ವ್ಯಾಕ್ಸಿನ್ ಎಲ್ಲಾ ಆಗಿದೆ’ ಅನ್ನೋ ಮಾತು ನಂಬ್ಬೇಡಿ, ಯಾವುದು ಯಾವತ್ತು ಅಂತ ಕೇಳಿ. ಮರಿಗೆ 5ರಿಂದ 7 ದಿನದಲ್ಲಿ ಕಣ್ಣಿಗೆ ಒಂದು ಹನಿ ಲಸೋಟ, ಅಂದ್ರೆ ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆ, 14ನೇ ದಿನದ ಆಸುಪಾಸು ಗಂಬೊರೊ ರೋಗದ ಲಸಿಕೆ, ನಾಲ್ಕನೇ ವಾರ ಮತ್ತೆ ಲಸೋಟ. ವರ್ಷಗಟ್ಲೆ ಇರೋ ಮೊಟ್ಟೆ ಕೋಳಿಗೂ ನಾಟಿಗೂ 8 ವಾರ ಆದ್ಮೇಲೆ ರೆಕ್ಕೆ ಕೆಳಗೆ ಆರ್2ಬಿ ಇಂಜೆಕ್ಷನ್, ಇದೂ ಕೊಕ್ಕರೆ ರೋಗಕ್ಕೇ. ಆರ್2ಬಿ ಚಿಕ್ಕ ಮರಿಗೆ ಕೊಡ್ಬೇಡಿ, ಅದೇ ಕಾಯಿಲೆ ತರ್ಸುತ್ತೆ. ವಯಲ್ ಒಡೆದ್ಮೇಲೆ ಐಸಲ್ಲಿಟ್ಟು ಎರಡು ಗಂಟೆ ಒಳಗೆ ಮುಗಿಸ್ಬೇಕು, ಒಂದು ವಯಲಲ್ಲಿ ನೂರಕ್ಕೂ ಹೆಚ್ಚು ಕೋಳಿಗೆ ಆಗೋಷ್ಟಿರುತ್ತೆ, ಆದ್ರಿಂದ ಅಕ್ಕಪಕ್ಕದ ನಾಲ್ಕು ಮನೆಯವರು ಒಂದೇ ದಿನ ಹಾಕ್ಸಿ. ನಿಮ್ಮ ಒಂದು ಮನೆ ಕೋಳಿಗೆ ಹಾಕ್ಸಿ ಪಕ್ಕದ ಮನೆ ಕೋಳಿ ಬಿಟ್ರೆ ಊರಲ್ಲಿ ಕಾಯಿಲೆ ಇದ್ದೇ ಇರುತ್ತೆ.

ಜವಾರಿ_ಧಾರವಾಡ:
ನಾ ಒಂದ್ ಮಾತ್ ಹೇಳ್ತೀನಿ ಸಿಟ್ ಮಾಡ್ಕೋಬ್ಯಾಡ್ರಿ. ಬಾಯ್ಲರ್ ಸಾಕೂದು ಹಿತ್ತಲಾಗಿನ ಕೆಲ್ಸ ಅಲ್ರಿ ಅದು. ಲೆಕ್ಕಾ ಹಾಕ್ರಿ, ಎರಡ್ ಕಿಲೋ ತೂಕಾ ಬರಾಕ ಒಂದ್ ಕೋಳಿ ಕಮ್ಮಿ ಅಂದ್ರೂ ಮೂರೂವರಿ ಕಿಲೋ ಫೀಡ್ ತಿಂತೈತಿ, 25ಕ್ಕ 87 ಕಿಲೋ ಆತು, ಅಂದ್ರ 50 ಕಿಲೋದ ಎರಡ್ ಚೀಲದ ಹತ್ರ. ಅದ್ರ ಮ್ಯಾಲ ಮರಿ ರೊಕ್ಕ, ಕರೆಂಟ್, ಸತ್ತಾವು. ಅಂಗಡ್ಯಾಗ ಕಿಲೋಕ್ಕ ಎಷ್ಟೈತಿ ಕೇಳಿ ನೋಡ್ರಿ, ಉಳಿಯೂದು ಏನೂ ಇಲ್ಲ. ಕಂಪನಿಯವ್ರು ಸಾವಿರಗಟ್ಲೆ ಸಾಕ್ತಾರ, ಅವ್ರಿಗಿ ಬಗಿಹರಿತೈತಿ.

ಎರಡೂ ಬೇಕಂದ್ರ ಎರಡಕ್ಕೂ ಬರೂ ತಳಿ ತರ್ರಿ. ಗಿರಿರಾಜ ಬೆಂಗಳೂರ್ ಕೃಷಿ ವಿಶ್ವವಿದ್ಯಾಲಯದವ್ರು 1989ರಾಗ ಬಿಟ್ಟಿದ್ದು, ಆಮ್ಯಾಲ ಪಶುವೈದ್ಯ ವಿಶ್ವವಿದ್ಯಾಲಯದವ್ರು 2005ರಾಗ ಸ್ವರ್ಣಧಾರಾ ಬಿಟ್ರು. ಸ್ವರ್ಣಧಾರಾ ವರ್ಷಕ್ಕ 180 ಚಿಲ್ಲರಿ ತತ್ತಿ ಇಡ್ತೈತಿ, ಹುಂಜ ಐದ್ ತಿಂಗಳಿಗಿ ಮೂರ್ ನಾಕ್ ಕಿಲೋ ತೂಗ್ತೈತಿ, ಹೊರಗ ಬಿಟ್ರ ಗೆದ್ದಲ, ಹುಳಾ, ಹುಲ್ಲ ಹೆಕ್ಕಿ ತಿಂದ್ ಅರ್ಧಾ ಹೊಟ್ಟಿ ತುಂಬ್ಸಕೊಂತೈತಿ. ಹುಂಜ ಕೊಯ್ರಿ, ಹ್ಯಾಟಿ ತತ್ತಿಗಿ ಇಟ್ಕೊರ್ರಿ, ಮುಗೀತು. ಒಂದ್ ಕೊರತಿ ಅಂದ್ರ ಇವು ಕಾವಿಗಿ ಕೂಡಂಗಿಲ್ಲ, ಅದ್ರ ತತ್ತಿ ನಿಮ್ಮ ಜವಾರಿ ಹ್ಯಾಟಿ ಕೆಳಗ ಇಟ್ರ 21 ದಿನಕ್ಕ ಮರಿ ಬರ್ತಾವು ಖರೆ, ತಾಯಿ ಹಂಗ ಇರೂದಿಲ್ಲ. ಪ್ರತಿ ಸಲ ಹೊಸಾ ಮರಿ ತರಬೇಕು.

ಪುತ್ತೂರು_ಗುಡ್ಡೆ:
ಧಾರವಾಡದವರು ಹೇಳಿದ ಲೆಕ್ಕ ಸರಿಯೇ, ಆದ್ರೆ ಮನೆಗೆ ಅಂತ 25 ಸಾಕುವವರು ಲಾಭ ಯಾರು ನೋಡ್ತಾರೆ ಮಾರಾಯ್ರೆ, ಎಂತ ತಿಂದು ಬೆಳೆದದ್ದು ಅಂತ ಗೊತ್ತುಂಟಲ್ಲ ಅದೇ ಸಾಕು. ನಮ್ಮಲ್ಲಿ ಮೂರೂ ಉಂಟು, ಬಾಯ್ಲರ್ ಮಾತ್ರ ಬೇರೆ ಗೂಡಲ್ಲಿ, ಒಟ್ಟಿಗೆ ತರುವುದು ಒಟ್ಟಿಗೆ ಖಾಲಿ ಮಾಡುವುದು, ಆಮೇಲೆ ಹೊಟ್ಟು ತೆಗೆದು ಸುಣ್ಣ ಹಾಕಿ ಎರಡು ವಾರ ಹಾಗೇ ಬಿಡುವುದು.

ಮೊಟ್ಟೆಯದ್ದು ನಾಟಿಯದ್ದು ಒಟ್ಟಿಗೆ ಇದ್ರೆ ನಾನು ಎಲ್ಲದಕ್ಕೂ ಗ್ರೋವರ್ (ಬೆಳೆಯುವ ಕೋಳಿಯ ಫೀಡ್) ಹಾಕಿ ಕಪ್ಪೆಚಿಪ್ಪಿನ ಪುಡಿ ಬೇರೆ ಪಾತ್ರೆಯಲ್ಲಿ ಇಡುವುದು. ಮೊಟ್ಟೆ ಇಡುವ ಕೋಳಿ ಸಂಜೆ ಹೊತ್ತಿಗೆ ತಾನೇ ಹೋಗಿ ತಿಂತದೆ, ಹುಂಜ ಅದರ ಹತ್ತಿರವೂ ಹೋಗುವುದಿಲ್ಲ, ನೋಡ್ಲಿಕ್ಕೆ ತಮಾಷೆ. ನಮಗೆ ಮರುವಾಯಿ ಚಿಪ್ಪು ಧಾರಾಳ ಸಿಗ್ತದೆ, ತೊಳೆದು ಒಣಗಿಸಿ ಕುಟ್ಟಿದ್ರೆ ಆಯ್ತು. ನಿಮಗೆ ಫೀಡ್ ಅಂಗಡಿಯಲ್ಲಿ ಚಿಪ್ಪಿನ ಪುಡಿ ಅಂತ ಕೇಳಿ. ಮತ್ತೆ ತಟ್ಟಿ ಕಟ್ಟುವಾಗ ಬುಡದಲ್ಲಿ ಒಂದಡಿ ಆಳಕ್ಕೆ ಮೆಶ್ ಹೂತು ಬಿಡಿ, ಮುಂಗುಸಿಗೆ ಬಾಯ್ಲರ್ ಅಂದ್ರೆ ಬಾಳೆಹಣ್ಣು ಸುಲಿದಷ್ಟು ಸುಲಭ, ಅದು ಓಡುವುದೇ ಇಲ್ಲವಲ್ಲ.

ಹಿತ್ಲುಮನೆ_ಕುಣಿಗಲ್:
ಎಲ್ರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಭಾನುವಾರ ಪೂರ್ತಿ ತಟ್ಟಿ ಕಟ್ಟೋದ್ರಲ್ಲೇ ಹೋಯ್ತು. ಲೇಯರ್ ಫೀಡ್ ತಂದೆ, ಚಿಪ್ಪಿನ ಪುಡೀನೂ ಸಿಕ್ತು. ಬಲ್ಬ್ ಮರಿ ಕಡೆ ಮಾತ್ರ ಇದೆ, ಮಧ್ಯ ಗೋಣಿಚೀಲ ಇಳಿಬಿಟ್ಟಿದೀನಿ. ಮೂಟೆ ಚೀಟೀಲಿ ಔಷಧಿ ಹೆಸರು ಇತ್ತು ಡಾಕ್ಟ್ರೇ, ಫೋಟೋ ತೆಗ್ದು ನಮ್ಮ ಪಶು ಆಸ್ಪತ್ರೇಲಿ ತೋರ್ಸ್ತೀನಿ, ಅಲ್ಲೀವರ್ಗೂ ಮೊಟ್ಟೆ ಗುಂಡಿಗೆ. ವ್ಯಾಕ್ಸಿನ್ ಬಗ್ಗೆ ಮರಿ ಕೊಟ್ಟೋರಿಗೆ ಫೋನ್ ಮಾಡಿ ‘ಯಾವತ್ತು’ ಅಂತ ಕೇಳಿದ್ದಕ್ಕೆ ಆಮೇಲೆ ಹೇಳ್ತೀನಿ ಅಂದ್ರು, ಆಮೇಲೆ ಎತ್ತೇ ಇಲ್ಲ.

ಒಂದು ಡೌಟು. ವರ್ಷತೊಡಕಿಗೆ ಇನ್ನೂ ಐದು ವಾರ ಇದೆ, ಅಂದ್ರೆ ಅಷ್ಟೊತ್ತಿಗೆ ಮರಿಗೆ 50 ದಿನ ಆಗುತ್ತೆ, ಬಿಸ್ಲು ಬೇರೆ ಜೋರು. ಇರ್ತಾವಾ?

ಚನ್ನರಾಯಪಟ್ಣ_ತೋಟ:
ಇರ್ತಾವೆ, ಆದ್ರೆ 42 ದಿನಕ್ಕೇ ಎರಡು ಕೆಜಿ ಬಂದಿರುತ್ತೆ, ಆಮೇಲೆ ಪ್ರತಿ ದಿನ ಕಾಲಿಗೆ ಎದೆಗೆ ಭಾರ. ಬೆಳಿಗ್ಗೆ ಹನ್ನೊಂದರಿಂದ ನಾಲ್ಕು ಗಂಟೆವರ್ಗೂ ಫೀಡ್ ಎತ್ತಿಡು, ತಿಂದು ಕೂತ ಕೋಳಿನೇ ಮೊದ್ಲು ಬಿಸ್ಲಿಗೆ ಹೋಗೋದು. ತಣ್ಣಗಿನ ನೀರು ಮೂರ್ನಾಲ್ಕು ಸಲ ಬದಲಾಯ್ಸು, ಶೀಟ್ ಮೇಲೆ ತೆಂಗಿನ ಗರಿ ಹಾಕು. ಅರ್ಧ ಮೊದ್ಲೇ ನೆಂಟ್ರಿಗೆ ಕೊಟ್ಬಿಡು, ಇನ್ನರ್ಧ ಹಬ್ಬಕ್ಕೆ.

ಹಿತ್ಲುಮನೆ_ಕುಣಿಗಲ್:
ಸರಿ ಅಣ್ಣ. ಅಮ್ಮಂಗೆ ಇದೆಲ್ಲಾ ಓದಿ ಹೇಳ್ದೆ. ಅವ್ರದ್ದು ಒಂದೇ ಮಾತು, ನೆಂಟ್ರಿಗೆ ನಿನ್ನ ಬಿಳೀ ಕೋಳಿ ಏನಾದ್ರೂ ಮಾಡ್ಕೊ, ಮಾರಮ್ಮಂಗೆ ಮಾತ್ರ ನನ್ನ ಕೆಂಪು ಹುಂಜನೇ ಅಂತ. ಹುಂಜ ಹೋದ್ರೆ ನಾಟಿ ಹ್ಯಾಟೆಗೆ ಕಾವಿಗೆ ಇಡೋ ಮೊಟ್ಟೆ ಎಲ್ಲಿಂದ ತರ್ಲಿ, ಕುಣಿಗಲ್ ಕಡೆ ಯಾರ ಹತ್ರಾನಾದ್ರೂ ಒಳ್ಳೇ ನಾಟಿ ಹುಂಜ ಇದ್ರೆ ಹೇಳಿ, ಈ ಸಲ ತಂದ ಹುಂಜನ್ನ ಮೂರು ವಾರ ಬೇರೆ ಮಂಕ್ರಿ ಕೆಳಗೆ ಇಟ್ಟೇ ಬಿಡ್ತೀನಿ.