ಬೋಟ್ ಸಾಲ ಸುಸ್ತಿಯಾಗುವ ಮೊದಲೇ ತಿಳಿಯಲು ಲೈಫ್‌ಲೈನ್ಸ್: ಇನ್‌ಸ್ಟಾಲ್ ಆಗ್ತಿಲ್ಲ, ಜೂನ್-ಜುಲೈ ಲೆಕ್ಕವೂ ಸರಿಯಾಗ್ತಿಲ್ಲ

ಮಲ್ಪೆ_ಲೆಡ್ಜರ್ ಕೇಳಿದ್ದು:

ನಮಸ್ಕಾರ. ಮಲ್ಪೆ ಹತ್ತಿರದ ಒಂದು ಸಹಕಾರಿ ಸಂಘದ ಸಾಲ ವಿಭಾಗದಲ್ಲಿ ನನ್ನ ಕೆಲಸ. ಬೋಟ್ ಸಾಲ, ಎಂಜಿನ್ ರಿಪೇರಿ ಸಾಲ, ಬಲೆಗೆ ಸಾಲ, ಮೀನು ಮಾರುವ ಹೆಂಗಸರ ಸಣ್ಣ ಸಾಲ, ಎಲ್ಲವೂ ನನ್ನ ಟೇಬಲ್ಲಿಗೇ ಬರುತ್ತದೆ. ಯಾರ ಕಂತು ತಪ್ಪಬಹುದು ಎಂದು ಎರಡು-ಮೂರು ತಿಂಗಳು ಮುಂಚೆ ಗೊತ್ತಾದರೆ ಮನೆಗೆ ಹೋಗಿ ಮಾತಾಡಬಹುದು, ಕಂತು ಸಣ್ಣದು ಮಾಡಿಕೊಡಬಹುದು. ನೋಟಿಸ್ ಹೋದ ಮೇಲೆ ಮಾತಿಗೆ ಯಾರೂ ಸಿಗುವುದಿಲ್ಲ. ಜಾಮೀನು ಹಾಕಿದವರು ಹೆಚ್ಚಾಗಿ ಅದೇ ಬೋಟು ನಡೆಸುವ ತಾಂಡೇಲ, ಇಲ್ಲವೇ ಸ್ವಂತ ತಮ್ಮ. ಒಂದು ಸಾಲ ಕೆಟ್ಟರೆ ಎರಡು ಮನೆಗೆ ಪೆಟ್ಟು.

ಹಳೇ ಸಾಲಗಳ ವಿವರ ಎಕ್ಸೆಲ್‌ನಲ್ಲಿ ಉಂಟು, ಸಾವಿರಕ್ಕಿಂತ ಸ್ವಲ್ಪ ಜಾಸ್ತಿ. ಬ್ಯಾಂಕಿನವರ ಹಾಗೆ ನಾನೂ 90 ದಿನದ ಗೆರೆ ಹಾಕಿದ್ದೇನೆ: ಕಂತು ಅಷ್ಟು ದಿನ ಬಾಕಿ ಉಳಿದರೆ ಸುಸ್ತಿ. ಅದನ್ನು ದಾಟಿದ್ದು ಐವತ್ತು-ಅರವತ್ತು ಇರಬಹುದು. ಉಳಿದವುಗಳಲ್ಲಿ ಕೆಲವು ತೀರಿವೆ, ಕೆಲವು ಇನ್ನೂ ನಡೆಯುತ್ತಿವೆ. ನಡೆಯುತ್ತಿರುವ ಸಾಲವನ್ನು ‘ಒಳ್ಳೆಯದು’ ಎಂದು ಬರೆಯಲು ಮನಸ್ಸು ಬರಲಿಲ್ಲ. ನಾಳೆ ಏನಾಗುತ್ತದೋ ಯಾರಿಗೆ ಗೊತ್ತು? ಹಾಗಾಗಿ ಲೈಫ್‌ಲೈನ್ಸ್ ಹಿಡಿದೆ; ಒಂದು ಘಟನೆ ಆಗಲು ಎಷ್ಟು ಕಾಲ ಹಿಡಿಯುತ್ತದೆ ಎಂದು ಅಂದಾಜಿಸುವ ಪೈಥಾನ್ ಲೈಬ್ರರಿ ಅದು.

ಮನೆಯ ಲ್ಯಾಪ್‌ಟಾಪಿನಲ್ಲಿ ಲೈಬ್ರರಿ ಇನ್‌ಸ್ಟಾಲ್ ಮಾಡುವ ಪಿಪ್ ‘ಆಯಿತು’ ಎನ್ನುತ್ತದೆ, ಕೋಡ್ ಬರೆದು ಓಡಿಸುವ ಜುಪಿಟರ್ ನೋಟ್‌ಬುಕ್ ‘ಅಂಥ ಮಾಡ್ಯೂಲ್ ಇಲ್ಲ’ ಎನ್ನುತ್ತದೆ. ಆಫೀಸಿನ ಕಂಪ್ಯೂಟರಿನಲ್ಲಿ ಮೊದಲೇ ಯಾರೋ ಹಾಕಿಟ್ಟಿದ್ದಾರೆ. ಅಲ್ಲಿ ಇಂಪೋರ್ಟ್ ಮಾಡಿದರೆ ಸೈಪೈ ಎನ್ನುವ ಗಣಿತದ ಲೈಬ್ರರಿಯಿಂದ ‘ಟ್ರಾಪ್‌ಜ್’ ಎನ್ನುವ ಫಂಕ್ಷನ್ ಸಿಗಲಿಲ್ಲ ಎಂದು ನಿಂತುಬಿಡುತ್ತದೆ.

ಇದಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದು. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ, 61 ದಿನ. ಆಗಸ್ಟ್ ಬಂದರೂ ಸಮುದ್ರ ಒರಟಾಗಿದ್ದರೆ ಬೋಟ್ ಇಳಿಯುವುದಿಲ್ಲ. ಸೆಪ್ಟೆಂಬರಿನಲ್ಲಿ ಬಾಕಿ ಪೂರಾ ಕಟ್ಟುವ ಮನುಷ್ಯನೂ ನನ್ನ ಶೀಟಿನಲ್ಲಿ 90 ದಿನ ದಾಟಿರುತ್ತಾನೆ. ಅವನನ್ನು ಸುಸ್ತಿದಾರ ಎಂದು ಯಂತ್ರಕ್ಕೆ ಕಲಿಸುವುದು ಅನ್ಯಾಯ ಅಲ್ವಾ?

ಸುರತ್ಕಲ್_ಕೋಡ್:

ಇನ್‌ಸ್ಟಾಲ್ ವಿಷಯ ನಾನು ಹೇಳುತ್ತೇನೆ ಮೇಡಂ. ಲ್ಯಾಪ್‌ಟಾಪಿನಲ್ಲಿ ಎರಡು ಪೈಥಾನ್ ಇರಬೇಕು. ಪಿಪ್ ಒಂದಕ್ಕೆ ಹಾಕುತ್ತಿದೆ, ನೋಟ್‌ಬುಕ್ ಇನ್ನೊಂದನ್ನು ನೋಡುತ್ತಿದೆ. ನೋಟ್‌ಬುಕ್ಕಿನ ಸೆಲ್‌ನಲ್ಲೇ ಮುಂದೆ ಶೇಕಡಾ ಚಿಹ್ನೆ ಹಾಕಿ ‘ಪಿಪ್ ಇನ್‌ಸ್ಟಾಲ್ ಲೈಫ್‌ಲೈನ್ಸ್’ ಓಡಿಸಿ. ಆಮೇಲೆ ಕರ್ನಲ್, ಅಂದರೆ ನೋಟ್‌ಬುಕ್ಕಿನ ಹಿಂದೆ ಓಡುವ ಪೈಥಾನ್, ರೀಸ್ಟಾರ್ಟ್ ಮಾಡಿ. ಆ ಚಿಹ್ನೆ ಇದ್ದರೆ ನೋಟ್‌ಬುಕ್ ಬಳಸುವ ಪೈಥಾನಿಗೇ ಹೋಗಿ ಕೂರುತ್ತದೆ.

ಟ್ರಾಪ್‌ಜ್ ತಕರಾರು ಬೇರೆ. ಸೈಪೈ 1.14ರಲ್ಲಿ ಆ ಹೆಸರನ್ನೇ ತೆಗೆದರು, ಈಗ ಅದು ಟ್ರೆಪೆಜಾಯ್ಡ್. ಹಳೇ ಲೈಫ್‌ಲೈನ್ಸ್ ಹಳೇ ಹೆಸರನ್ನೇ ಹುಡುಕುತ್ತದೆ. ಲೈಫ್‌ಲೈನ್ಸನ್ನು ಅಪ್‌ಗ್ರೇಡ್ ಮಾಡಿದರೆ ಸಾಕು. ಸೈಪೈಯನ್ನು ಹಿಂದಿನ ವರ್ಷನ್‌ಗೆ ಇಳಿಸಲೂ ಆಗುತ್ತದೆ, ಆದರೆ ಆಫೀಸ್ ಕಂಪ್ಯೂಟರ್ ಅಂದ ಮೇಲೆ ಬೇರೆಯವರ ಕೆಲಸ ಕೆಡಬಾರದು. ನಿಮಗೇ ಒಂದು ವರ್ಚುವಲ್ ಎನ್‌ವಿರಾನ್‌ಮೆಂಟ್, ಅಂದರೆ ನಿಮ್ಮ ಲೈಬ್ರರಿಗಳಿಗೆ ಬೇರೆಯೇ ಒಂದು ಜಾಗ, ಮಾಡಿಕೊಳ್ಳಿ. ವಿಂಡೋಸ್ ಪವರ್‌ಶೆಲ್‌ನಲ್ಲಿ ಅದನ್ನು ಆನ್ ಮಾಡುವಾಗ ‘ಸ್ಕ್ರಿಪ್ಟ್ ಓಡಿಸಲು ಅನುಮತಿ ಇಲ್ಲ’ ಎಂದು ಬಂದರೆ ಕಮಾಂಡ್ ಪ್ರಾಂಪ್ಟ್‌ನಿಂದ ಮಾಡಿ, ಆಗುತ್ತದೆ.

ಇನ್ನೊಂದು ಮಾತು. ಸದಸ್ಯರ ಹೆಸರು, ಆಧಾರ್, ಫೋನ್ ನಂಬರ್ ಇರುವ ಶೀಟನ್ನು ಆನ್‌ಲೈನ್ ನೋಟ್‌ಬುಕ್ಕಿಗೆ ಏರಿಸಬೇಡಿ. ಆ ಕಾಲಂಗಳನ್ನು ಅಳಿಸಿ, ಬರೀ ಒಂದು ಕ್ರಮಸಂಖ್ಯೆ ಇಟ್ಟುಕೊಳ್ಳಿ.

ಮಣಿಪಾಲ_ಅಂಕಿಸಂಖ್ಯೆ:

ನಡೆಯುತ್ತಿರುವ ಸಾಲವನ್ನು ಒಳ್ಳೆಯದು ಎಂದು ಬರೆಯದೆ ಬಿಟ್ಟಿರಲ್ಲ, ಅದು ಬಹಳ ಸರಿ. ನಾನು ರೋಗಿಗಳ ಡೇಟಾದ ಮೇಲೆ ಇದೇ ಲೈಬ್ರರಿ ಬಳಸುತ್ತೇನೆ. ಸಂಖ್ಯಾಶಾಸ್ತ್ರಜ್ಞ ಡೇವಿಡ್ ಕಾಕ್ಸ್ 1972ರಲ್ಲಿ ಕೊಟ್ಟ, ಈ ಲೈಬ್ರರಿಯಲ್ಲಿರುವ ಮಾದರಿಯ ಶಕ್ತಿಯೇ ಅದು: ‘ಇಲ್ಲಿಯವರೆಗೆ ಏನೂ ಆಗಿಲ್ಲ’ ಎನ್ನುವುದನ್ನೂ ಅದು ಮಾಹಿತಿಯಾಗಿ ತೆಗೆದುಕೊಳ್ಳುತ್ತದೆ. ಅವಧಿಯ ಕಾಲಂನಲ್ಲಿ ಸಾಲ ಕೊಟ್ಟಲ್ಲಿಂದ ಸುಸ್ತಿಯಾಗುವವರೆಗೆ ಅಥವಾ ತೀರುವವರೆಗೆ, ನಡೆಯುತ್ತಿದ್ದರೆ ಇವತ್ತಿನವರೆಗೆ, ಎಷ್ಟು ತಿಂಗಳು ಎಂದು ಬರೆಯಿರಿ. ಘಟನೆಯ ಕಾಲಂನಲ್ಲಿ ಸುಸ್ತಿಗೆ 1, ತೀರಿದ್ದಕ್ಕೂ ನಡೆಯುತ್ತಿರುವುದಕ್ಕೂ 0.

ನಿಷೇಧದ ತಿಂಗಳುಗಳನ್ನು ಮಾದರಿಯ ತಲೆಗೆ ಕಟ್ಟಬೇಡಿ. ಮೊದಲು ಸುಸ್ತಿ ಎಂದರೆ ಏನು ಎನ್ನುವುದನ್ನೇ ಸರಿಮಾಡಿ. ಬೋಟಿನ ಆದಾಯದಿಂದ ತೀರುವ ಸಾಲಗಳಿಗೆ ಜೂನ್-ಜುಲೈಯಲ್ಲಿ ಗಡಿಯಾರ ನಿಲ್ಲಿಸಿ. ಮೇ ಕಂತು ಬಾಕಿ ಇದ್ದರೆ ಮೇ ತಿಂಗಳ ದಿನಗಳನ್ನು ಎಣಿಸಿ, ಮುಂದಿನದನ್ನು ಆಗಸ್ಟ್ 1ರಿಂದ ಎಣಿಸಿ. ನಿಷೇಧ ಇರುವುದು ಯಾಂತ್ರಿಕ ಬೋಟುಗಳಿಗೆ ಮತ್ತು 10 ಅಶ್ವಶಕ್ತಿಗಿಂತ ಜಾಸ್ತಿ ಮೋಟರ್ ಇರುವ ದೋಣಿಗಳಿಗೆ. ನಾಡದೋಣಿಯವರು ಮಳೆಗಾಲದಲ್ಲೂ ಹೋಗುತ್ತಾರೆ. ಹಾಗಾಗಿ ಎಲ್ಲರಿಗೂ ಒಂದೇ ನಿಯಮ ಹಾಕಬೇಡಿ, ದೋಣಿಯ ಬಗೆ ನೋಡಿ ಹಾಕಿ. ಮೀನು ಮಾರುವವರಿಗೆ? ಬೋಟ್ ಬರದಿದ್ದರೆ ಅವರ ಬುಟ್ಟಿಯೂ ಖಾಲಿ. ಅವರ ಹಳೇ ಕಂತುಗಳ ತಾರೀಕು ನೋಡಿ ನೀವೇ ತೀರ್ಮಾನಿಸಿ, ನನಗಿಂತ ನಿಮಗೆ ಗೊತ್ತು.

ಸುಸ್ತಿ ಐವತ್ತು-ಅರವತ್ತು ಅಂದರೆ ಐದಾರು ಕಾಲಂಗಿಂತ ಜಾಸ್ತಿ ತುಂಬಬೇಡಿ. ಒಂದು ಕಾಲಂಗೆ ಕನಿಷ್ಠ ಹತ್ತು ಘಟನೆ ಎನ್ನುವುದು ಹಳೇ ರೂಢಿ. ‘ಮ್ಯಾಟ್ರಿಕ್ಸ್ ಸಿಂಗ್ಯುಲರ್’ ಎಂದು ಬಂದರೆ ಎರಡು ಕಾಲಂ ಒಂದೇ ವಿಷಯ ಹೇಳುತ್ತಿವೆ ಎಂದು ಅನುಮಾನಪಡಿ. ಸಾಲದ ಮೊತ್ತ, ಕಂತಿನ ಮೊತ್ತ ಎರಡನ್ನೂ ಹಾಕಿದರೆ ಹೀಗಾಗಬಹುದು. ಒಂದನ್ನು ಬಿಡಿ, ಇಲ್ಲವೇ ಮಾದರಿಯ ಅಂಕಿಗಳು ಅತಿಯಾಗದಂತೆ ಹಿಡಿದಿಡುವ ‘ಪೀನಲೈಸರ್’ ಜಾಗದಲ್ಲಿ 0.1 ಕೊಡಿ.

ಮಲ್ಪೆ_ಲೆಡ್ಜರ್:

ಎರಡು ಕಡೆಯೂ ಇಂಪೋರ್ಟ್ ಆಯಿತು, ತುಂಬಾ ಉಪಕಾರ. ಗಡಿಯಾರ ನಿಲ್ಲಿಸಿ ಎಣಿಸಿದಾಗ ಮಳೆಗಾಲದ ಸುಸ್ತಿಗಳು ಎಷ್ಟೋ ಕಳಚಿಹೋದವು. ಉಳಿದವರನ್ನು ನೋಡಿದರೆ, ನಿಜಕ್ಕೂ ಕಷ್ಟದಲ್ಲಿದ್ದವರು ಇವರೇ ಎಂದು ನಮ್ಮ ವಸೂಲಿಯವರೂ ಒಪ್ಪಿದರು.

ಪಿಗ್ಮಿ, ಅಂದರೆ ದಿನಾ ಸ್ವಲ್ಪ ಸ್ವಲ್ಪ ಕಟ್ಟುವ ಉಳಿತಾಯದ ಲೆಕ್ಕ ಸೇರಿಸಬಹುದಾ? 1928ರಿಂದ ಉಡುಪಿಯಲ್ಲಿ ನಡೆದುಬಂದ ಪದ್ಧತಿ, ನಮ್ಮ ಸದಸ್ಯರಲ್ಲಿ ಹೆಚ್ಚಿನವರು ಕಟ್ಟುತ್ತಾರೆ. ಕೈ ಬಿಗಿಯಾದರೆ ಮೊದಲು ನಿಲ್ಲುವುದೇ ಪಿಗ್ಮಿ. ಸಾಲದ ಅವಧಿಯಲ್ಲಿ ಒಟ್ಟು ಎಷ್ಟು ಕಟ್ಟಿದರು ಎಂದು ಒಂದು ಕಾಲಂ ಮಾಡಿದ್ದೇನೆ.

ಮಣಿಪಾಲ_ಅಂಕಿಸಂಖ್ಯೆ:

ಪಿಗ್ಮಿ ಖಂಡಿತ ಸೇರಿಸಿ, ಆದರೆ ಒಟ್ಟು ಮೊತ್ತ ಬೇಡ. ಸಾಲ ಜಾಸ್ತಿ ದಿನ ಚೆನ್ನಾಗಿ ನಡೆದರೆ ಪಿಗ್ಮಿಯೂ ತನ್ನಷ್ಟಕ್ಕೆ ಜಾಸ್ತಿಯಾಗುತ್ತದೆ. ಮಾದರಿಗೆ ಉತ್ತರವನ್ನೇ ಮೊದಲು ಹೇಳಿಕೊಟ್ಟಂತಾಗುತ್ತದೆ. ಸಾಲ ಕೊಡುವ ಹಿಂದಿನ ಮೂರು ತಿಂಗಳ ಪಿಗ್ಮಿ ಹಾಕಿ ಶುರುಮಾಡಿ. ಅದು ಸರಿಯಾದ ಮೇಲೆ, ಕಾಲ ಕಳೆದಂತೆ ಬದಲಾಗುವ ಅಂಕಿಗಳನ್ನೂ ತೆಗೆದುಕೊಳ್ಳುವ ಕಾಕ್ಸ್ ಟೈಮ್ ವೇರಿಯಿಂಗ್ ಫಿಟ್ಟರ್‌ಗೆ ಹೋಗಿ. ಅಲ್ಲಿ ಒಂದು ಸಾಲಕ್ಕೆ ತಿಂಗಳಿಗೊಂದು ಸಾಲು: ಶುರು, ಕೊನೆ, ಆ ತಿಂಗಳಿಗೆ ಮುಂಚಿನ ಪಿಗ್ಮಿ.

ಯಾವ ಸಾಲ ಮೊದಲು ಕೆಡುತ್ತದೆ ಎನ್ನುವ ಕ್ರಮವನ್ನು ಮಾದರಿ ಎಷ್ಟು ಸರಿ ಹೇಳಿತು ಎಂದು ತಿಳಿಸುವುದು ಕಾನ್ಕಾರ್ಡೆನ್ಸ್ ಸಂಖ್ಯೆ: 0.5 ಅಂದರೆ ನಾಣ್ಯ ಚಿಮ್ಮಿದಂತೆ, 1 ಅಂದರೆ ಪೂರ್ತಿ ಸರಿ. ಅದನ್ನು ಕಲಿಸಿದ ಡೇಟಾದ ಮೇಲೆ ನೋಡಬೇಡಿ. ಹಳೇ ವರ್ಷಗಳ ಸಾಲದಿಂದ ಕಲಿಸಿ, ಈಚಿನ ಸಾಲಗಳ ಮೇಲೆ ನೋಡಿ. ಈಗ ನಡೆಯುತ್ತಿರುವ ಸಾಲಗಳಿಗೆ ಸಾಧಾರಣ ಕಾಕ್ಸ್ ಫಿಟ್ಟರ್‌ನಿಂದಲೇ ಮುಂದಿನ ಮೂರು ತಿಂಗಳ ಅಂದಾಜು ತೆಗೆಯುವಾಗ ‘ಕಂಡೀಷನಲ್ ಆಫ್ಟರ್’ ಎನ್ನುವ ಜಾಗದಲ್ಲಿ ಪ್ರತಿ ಸಾಲಕ್ಕೂ ಇಲ್ಲಿಯವರೆಗೆ ಕಳೆದ ತಿಂಗಳು ಕೊಡಿ. ಅದು ಬಿಟ್ಟರೆ ಎಲ್ಲ ಸಾಲವೂ ಇವತ್ತೇ ಕೊಟ್ಟದ್ದು ಎಂದು ಲೆಕ್ಕ ಮಾಡುತ್ತದೆ.