ಸಹಾಯ ಬೇಕು: ಕೆಲ್ಟಿಕ್ ಮತ್ತು ಉತ್ತರಕಾಲೀನ ರೋಮನ್ ಕತ್ತಿಗಳ ಬಗ್ಗೆ ಅಧ್ಯಯನ ಆಕರಗಳು

ಎಲ್ಲರಿಗೂ ನಮಸ್ಕಾರ. ಪ್ರಾಚೀನ ಯುರೋಪಿನ ಕೆಲ್ಟ್ ಜನರ ಉದ್ದನೆಯ ಕತ್ತಿಯಿಂದ ಹಿಡಿದು ರೋಮನ್ ಸಾಮ್ರಾಜ್ಯದ ಕೊನೆಯ ಶತಮಾನಗಳ ‘ಸ್ಪಾಥಾ’ ಎಂಬ ಉದ್ದ ಕತ್ತಿಯವರೆಗೆ ಅಲಗಿನ ತಯಾರಿಕೆ ಹೇಗೆ ಬದಲಾಯಿತು ಎಂಬುದರ ಕುರಿತು ದೀರ್ಘ ಲೇಖನವೊಂದನ್ನು ಬರೆಯುತ್ತಿದ್ದು, ನಂಬಲರ್ಹ ಆಕರಗಳಿಗಾಗಿ ನಿಮ್ಮ ನೆರವನ್ನು ಕೋರುತ್ತಿದ್ದೇನೆ.

ನನ್ನನ್ನು ಹೆಚ್ಚು ಕಾಡುತ್ತಿರುವುದು ರೋಮನ್ನರ ಪರ ಬರೆದ ಗ್ರೀಕ್ ಇತಿಹಾಸಕಾರ ಪಾಲಿಬಿಯಸನ ಹೇಳಿಕೆ. ರೋಮನ್ನರಿಗೂ ಗಾಲರಿಗೂ (ಕೆಲ್ಟರ ಒಂದು ಪಂಗಡ) ನಡೆದ ಕ್ರಿ.ಪೂ. 223ರ ಯುದ್ಧವನ್ನು ವಿವರಿಸುವಾಗ ಆತ, ಗಾಲರ ಕತ್ತಿಗಳು ಮೊದಲ ಹೊಡೆತಕ್ಕೇ ಬಾಗುತ್ತಿದ್ದವು, ಅವುಗಳನ್ನು ನೆಲಕ್ಕೆ ಒತ್ತಿ ಕಾಲಿನಿಂದ ನೆಟ್ಟಗೆ ಮಾಡಿಕೊಳ್ಳಬೇಕಾಗಿತ್ತು ಎನ್ನುತ್ತಾನೆ. ಆದರೆ ಪುರಾತತ್ತ್ವಜ್ಞ ರಾಡೊಮೀರ್ ಪ್ಲೈನರ್ ಅವರು 1993ರಲ್ಲಿ ಪ್ರಕಟಿಸಿದ ಕೆಲ್ಟಿಕ್ ಕತ್ತಿಗಳ ಲೋಹಪರೀಕ್ಷೆಗಳಲ್ಲಿ ಮೆದು ಕಬ್ಬಿಣದ ಅಲಗುಗಳ ಜೊತೆಗೆ ಒಳ್ಳೆಯ ಉಕ್ಕಿನ ಅಲಗುಗಳೂ ಕಾಣಸಿಗುತ್ತವೆ. ಸಮಾಧಿಗಳಲ್ಲಿ ಉದ್ದೇಶಪೂರ್ವಕವಾಗಿ ಬಾಗಿಸಿಟ್ಟ ಕತ್ತಿಗಳೂ ಸಿಕ್ಕಿರುವುದರಿಂದ, ಅಂದರೆ ಬಾಗಿದ ಕತ್ತಿಗಳೆಲ್ಲ ಯುದ್ಧದಲ್ಲೇ ಬಾಗಿದವಲ್ಲವಾದ್ದರಿಂದ, ಶತ್ರುಪಕ್ಷದ ಇತಿಹಾಸಕಾರನ ಮಾತನ್ನು ಹಾಗೆಯೇ ಒಪ್ಪುವುದು ನನಗೆ ಕಷ್ಟವಾಗಿದೆ. ಸ್ವಿಟ್ಜರ್ಲೆಂಡಿನ ಲಾ ಟೆನ್ ಎಂಬ ಕೆಲ್ಟಿಕ್ ಪುರಾತತ್ತ್ವ ನೆಲೆಯ ಕತ್ತಿಗಳ ಕುರಿತ ಲೋಹಶಾಸ್ತ್ರೀಯ ವರದಿಗಳು ಯಾರಲ್ಲಾದರೂ ಇವೆಯೇ?

ರೋಮನ್ ಭಾಗಕ್ಕೆ ಬೇಕಾಗಿರುವುದು ಡೆನ್ಮಾರ್ಕಿನ ಇಲ್ಲೆರುಪ್ ಮತ್ತು ನೈಡಮ್ ಜೌಗುನೆಲಗಳ ಉತ್ಖನನ ವರದಿಗಳು. ಅಲ್ಲಿ ಹರಕೆಯಾಗಿ ಒಪ್ಪಿಸಿದ ಆಯುಧಗಳಲ್ಲಿ, ಕಬ್ಬಿಣದ ಪಟ್ಟಿಗಳನ್ನು ಹೊಸೆದು ಬೆಸೆದ ರೋಮನ್ ಮೂಲದ ಅಲಗುಗಳು ಅನೇಕವಿದ್ದು, ಕೆಲವುಗಳ ಮೇಲೆ ಮುದ್ರೆಗಳೂ ಇವೆ. ಈ ಮುದ್ರೆಗಳ ಕುರಿತ ಲೇಖನಗಳು ಸಿಕ್ಕರೆ ಬಹಳ ಉಪಕಾರವಾದೀತು.

ನನ್ನ ಜರ್ಮನ್ ಓದು ನಿಧಾನದ್ದಾದ್ದರಿಂದ ಇಂಗ್ಲಿಷ್ ಆಕರಗಳಿಗೆ ಆದ್ಯತೆ. ಆದರೆ ಚಿತ್ರಗಳೂ ಅಳತೆಗಳೂ ಇರುವ ಜರ್ಮನ್ ಗ್ರಂಥವಾದರೂ ಸರಿ. ಪುನರ್ನಿರ್ಮಿತ ಕತ್ತಿಗಳನ್ನು ಮಾರುವವರ ಜಾಹೀರಾತು ಬರಹಗಳನ್ನು ದಯವಿಟ್ಟು ಸೂಚಿಸಬೇಡಿ, ಅವು ಈಗಾಗಲೇ ಸಾಕಷ್ಟಾಗಿವೆ.