ಇಂಜಿನಿಯರ್ ಬಾಯಿಮಾತಿಗೆ ಗೋಡೆ ಕಟ್ಟಿದೆ, ಸರ್ಕಾರದ ಮೇಲೆ ದಾವೆ ಹಾಕಬಹುದಾ?

ಗಾರೆಕೆಲಸ:
ನಾನು ಸಣ್ಣ ಗುತ್ತಿಗೆದಾರ, ಹಾವೇರಿ ಕಡೆಯವನು. ಸರ್ಕಾರಿ ಶಾಲೆಯೊಂದರ ಕೊಠಡಿ ಕೆಲಸ ಟೆಂಡರ್‌ನಲ್ಲಿ ಸಿಕ್ಕಿತ್ತು, ಅದರ ಬಿಲ್ ಬಂತು. ಆದರೆ ನಡುವೆ ಮಳೆಗೆ ಕಾಂಪೌಂಡ್ ಬಿತ್ತು. ಇಂಜಿನಿಯರ್ "ಅದನ್ನೂ ಕಟ್ಟಿಬಿಡಪ್ಪಾ, ಆಮೇಲೆ ಸೇರಿಸೋಣ" ಅಂದರು, ಕಟ್ಟಿದೆ. ಆರೂವರೆ ಲಕ್ಷ ಬಾಕಿ. ಅವರಿಗೆ ವರ್ಗವಾಯಿತು, ಈಗಿನವರು ವರ್ಕ್ ಆರ್ಡರ್ ತೋರಿಸು ಅಂತಾರೆ. ಗೋಡೆ ಮುಗಿದು ಎರಡೂವರೆ ವರ್ಷ ಆಯಿತು. ಏನು ಮಾಡಲಿ?

ಕಪ್ಪುಕೋಟು:
ಮೊದಲು ಕೆಟ್ಟ ಸುದ್ದಿ. ಸಂವಿಧಾನದ 299ನೇ ವಿಧಿ ಪ್ರಕಾರ ರಾಜ್ಯದ ಒಪ್ಪಂದ ರಾಜ್ಯಪಾಲರ ಹೆಸರಲ್ಲಿ ಇರಬೇಕು, ಅಧಿಕಾರ ಪಡೆದವರೇ ಸಹಿ ಹಾಕಿರಬೇಕು. ಇಂಜಿನಿಯರ್ ಬಾಯಿಮಾತು ಸರ್ಕಾರದ ಮಾತಲ್ಲ. ಆದರೆ ಕಾಂಟ್ರ್ಯಾಕ್ಟ್ ಆ್ಯಕ್ಟ್‌ನ ಸೆಕ್ಷನ್ 70 ಇದೆ: ಬಿಟ್ಟಿಯಾಗಿ ಅಲ್ಲದೆ ಮಾಡಿಕೊಟ್ಟ ಕೆಲಸದ ಲಾಭ ಇನ್ನೊಬ್ಬರು ಪಡೆದರೆ ಅವರು ಪರಿಹಾರ ಕೊಡಬೇಕು. ಪಶ್ಚಿಮ ಬಂಗಾಳದ ಬಿ.ಕೆ. ಮಂಡಲ್ ಪ್ರಕರಣವೂ ಇಂಥದ್ದೇ. ಅಧಿಕಾರಿಗಳು ಹೇಳಿದರು ಅಂತ ಇಲಾಖೆಗೆ ಕಟ್ಟಿಕೊಟ್ಟಿದ್ದರು, ಸರಿಯಾದ ಒಪ್ಪಂದ ಇರಲಿಲ್ಲ. 1961ರಲ್ಲಿ ಸುಪ್ರೀಂ ಕೋರ್ಟ್ ದುಡ್ಡು ಕೊಡಬೇಕು ಅಂದಿತು. ಟೆಂಡರ್ ಕರೆದಿಲ್ಲ, ಪಾರದರ್ಶಕತೆ ಕಾಯ್ದೆಗೆ ವಿರುದ್ಧ ಅಂತ ಸರ್ಕಾರಿ ವಕೀಲರು ಖಂಡಿತ ಎತ್ತುತ್ತಾರೆ, ಅದಕ್ಕೆ ತಯಾರಿರಿ.

ಹಳೇಫೈಲು:
ದಿನಾಂಕ ನೋಡಿಕೊಳ್ಳಿ ಸ್ವಾಮಿ! ಮಾಡಿದ ಕೆಲಸದ ದುಡ್ಡು ಕೇಳಲು ಕೆಲಸ ಮುಗಿದಲ್ಲಿಂದ 3 ವರ್ಷ. (ಅದೇ ಸರ್ಕಾರ ನಮ್ಮ ಮೇಲೆ ದಾವೆ ಹಾಕುವುದಾದರೆ 30 ವರ್ಷ, ಇದೆಂಥ ನ್ಯಾಯವೋ.) ಸರ್ಕಾರದ ಮೇಲೆ ದಾವೆ ಹಾಕುವ ಮೊದಲು ಕೊಡಬೇಕಾದ ನೋಟಿಸ್, ಅಂದರೆ ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) ಸೆಕ್ಷನ್ 80ರ ನೋಟಿಸ್, ಇವತ್ತೇ ಬರೆಸಿ, ಇಲಾಖೆ ಕಾರ್ಯದರ್ಶಿಗೋ ಡಿಸಿಗೋ ಕೊಡಿ. ಕೊಟ್ಟು ಎರಡು ತಿಂಗಳು ಕಾಯಬೇಕು, ಆ ಎರಡು ತಿಂಗಳು ಕಾಲಮಿತಿಯಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಉತ್ತರ ಬರುತ್ತೆ ಅಂತ ಸುಮ್ನೆ ಕೂರಬೇಡಿ, ಬಹಳ ಸಲ ಉತ್ತರವೇ ಬರಲ್ಲ ಅಂತ 2005ರಲ್ಲಿ ಸುಪ್ರೀಂ ಕೋರ್ಟೇ ಬೇಸರ ಮಾಡಿಕೊಂಡಿತ್ತು. ದಾವೆ ಇಂಜಿನಿಯರ್ ಮೇಲಲ್ಲ, "ಕರ್ನಾಟಕ ರಾಜ್ಯ"ದ ಮೇಲೆ.

ಗಾರೆಕೆಲಸ:
ಅಣ್ಣಾ, ದುಡ್ಡು ಕೊಡಿ ಅಂತ ಸರ್ಕಾರಕ್ಕೆ ಆದೇಶ ಮಾಡಿಸಲು ನೇರ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಿದರೆ ಬೇಗ ಆಗಲ್ವಾ? ಧಾರವಾಡ ಪೀಠ ಹತ್ತಿರವೇ ಇದೆ.

ಕಪ್ಪುಕೋಟು:
ಬಾಕಿ ಇದೆ ಅಂತ ಇಲಾಖೆಯೇ ಬರೆದು ಒಪ್ಪಿದ್ದರೆ ನೋಡಬಹುದಿತ್ತು. ಇಲ್ಲಿ ಕಟ್ಟಿಸಿದ್ದು ಯಾರು, ಎಷ್ಟು ಅಡಿ, ಎಲ್ಲಕ್ಕೂ ಸಾಕ್ಷಿ ಬೇಕು, ಸಿವಿಲ್ ಕೋರ್ಟಿಗೆ ಹೋಗಿ ಅಂತ ಕಳಿಸುವುದೇ ಜಾಸ್ತಿ. ಮುಗಿದ ಕೆಲಸವನ್ನು ಅಳೆದು ಇಲಾಖೆ ಬರೆದಿಡುವ ಅಳತೆ ಪುಸ್ತಕದಲ್ಲಿ ಗೋಡೆ ಏರಿದೆಯಾ?

ಗಾರೆಕೆಲಸ:
ಏರಿದೆ! ಹಳೇ ಇಂಜಿನಿಯರೇ ನನ್ನೆದುರು ಬರೆದು ಸಹಿ ಹಾಕಿದ್ದರು.

ಹಳೇಫೈಲು:
ಮತ್ತೆ ಅದನ್ನು ಮೊದಲೇ ಹೇಳಬಾರದಾ! ಆ ಪುಟದ ದೃಢೀಕೃತ ನಕಲಿಗೆ ನಾಳೆಯೇ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, 10 ರೂಪಾಯಿ ಅಷ್ಟೇ. ಪುಸ್ತಕ "ಸಿಗುತ್ತಿಲ್ಲ" ಅನ್ನುವ ಮೊದಲು.